ಬೇಲಿಯ ಅನ್ನ, ಬೇಟೆಯ ಚಪ್ಪಾಳೆ

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೋಳಿಯಿತ್ತೋ ಹಂದಿಯಿತ್ತೋ ಎಂಬ ವಿಷಯದಲ್ಲೇ ನಮ್ಮಲ್ಲಿ ಒಮ್ಮತವಿಲ್ಲ. ನನ್ನ ಗಂಡ ಕೋಳಿ ಎನ್ನುತ್ತಾರೆ, ಅಕ್ಕ ಹಂದಿ ಎನ್ನುತ್ತಾಳೆ, ನನಗೆ ನೆನಪಿರುವುದು ನೀರುದೋಸೆ ಮಾತ್ರ. ದಿನಚರಿ ನೋಡಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ನೋಡಿಕೊಂಡೆ. ಆ ದಿನದ ಪುಟದಲ್ಲಿ "ಎಸಿ ಮತ್ತೆ ಸೋರುತ್ತಿದೆ. ಅಕ್ಕನಲ್ಲಿ ಊಟ" ಎಂದಷ್ಟೇ ಇದೆ. ಒಂದು ಸಂಸಾರದ ಬುಡ ಅಲುಗಿದ ದಿನ ನಾನು ಎಸಿಯ ನೀರಿನ ಬಗ್ಗೆ ಬರೆದಿದ್ದೇನೆ. ವರ್ಷಾನುಗಟ್ಟಲೆ ದಿನಚರಿ ಬರೆದವಳ ಮೇಲೆ ನೀವು ಎಷ್ಟು ವಿಶ್ವಾಸ ಇಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವಾಗ ಮನುಷ್ಯ ತನಗೆ ಅನುಕೂಲವಾದದ್ದನ್ನೇ ನೆನಪಿಟ್ಟುಕೊಳ್ಳುತ್ತಾನೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅವರು ಹಾಗೆ ಹೇಳಿದ್ದು ನಿಜವೋ, ಅಥವಾ ಅದೂ ನನಗೆ ಅನುಕೂಲವಾದ ನೆನಪೋ, ಈಗ ತಿಳಿಯುವ ದಾರಿಯಿಲ್ಲ.

ನಮ್ಮದು ಬೇಲಿಯ ಅನ್ನ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯಲ್ಲಿ ತಂತಿಬಲೆಯ ಬೇಲಿ ತಯಾರಾಗುತ್ತದೆ. ಅಕ್ಕನ ಗಂಡ ರಘುರಾಮ ಭಾವ ಅಲ್ಲಿ ಸೂಪರ್‌ವೈಸರ್ ಆಗಿದ್ದರು. ನಾನು ಅದೇ ಕಾರ್ಖಾನೆಯ ಆಫೀಸಿನಲ್ಲಿ ಕೂತು ಬೇಲಿಯನ್ನು ಇಂಗ್ಲಿಷಿನಲ್ಲಿ ಹೊಗಳುವವಳು. ಕ್ಯಾಟಲಾಗು, ಟೆಂಡರಿನ ಪತ್ರ, ವೆಬ್‌ಸೈಟಿನ ಮಾತು, ಎಲ್ಲ ನನ್ನದೇ. ಈ ಕೆಲಸ ಕೊಡಿಸಿದವರೂ ಭಾವನೇ. ಮರಳುಗಾಡಿನಲ್ಲಿ ಕೂತು ನಾವು ಮಾಡುವ ಬೇಲಿಯಲ್ಲಿ ಹೆಚ್ಚಿನದು ಹೋಗುತ್ತಿದ್ದುದು ದಕ್ಷಿಣ ಸಮುದ್ರದ ಒಂದು ದ್ವೀಪದೇಶಕ್ಕೆ. ಅಲ್ಲಿಗೆ ಯಾವ ಕಾಲದಲ್ಲೋ ಹಡಗಿನಲ್ಲಿ ಹೋದವರು ಬೇಟೆಯ ಮೋಜಿಗೆಂದು ಜಿಂಕೆಯನ್ನೂ ಊಟಕ್ಕೆಂದು ಹಂದಿಯನ್ನೂ ತಂದು ಬಿಟ್ಟರಂತೆ. ಹಿಡಿದು ತಿನ್ನಲು ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ. ಗೊರಸಿನ ಸಂತಾನ ಬೆಳೆಯಿತು. ಕಾಡಿನಲ್ಲಿ ಒಂದು ಸಸಿ ತಲೆ ಎತ್ತದ ಹಾಗೆ ಮೇಯ್ದು, ರೈತರ ಗೆಣಸು ಅಗೆದು ಹಾಕಿತು. ಆಗ ಅಲ್ಲಿಯ ಸರ್ಕಾರ ಅವಕ್ಕೆ 'ಆಕ್ರಮಣಕಾರಿ ಪ್ರಾಣಿಗಳು' ಎಂದು ಹೆಸರಿಟ್ಟಿತು. ಹಡಗಿನಲ್ಲಿ ಕೂರಿಸಿ ಕರೆತಂದವರ ಮೊಮ್ಮಕ್ಕಳೇ ಇಟ್ಟ ಹೆಸರು. ಆದರೆ ಕಂಡಲ್ಲಿ ಹೊಡೆಯುವ ಹಾಗಿರಲಿಲ್ಲ. ಲೈಸೆನ್ಸು, ಋತು, ಇಂತಿಷ್ಟೇ ತಲೆ ಎಂಬ ಲೆಕ್ಕ, ಹೀಗೆ ನೂರೆಂಟು ನಿಯಮಗಳಿದ್ದವು. ಆ ನಿಯಮಗಳ ಪುಣ್ಯದಿಂದ ಕಾಡಿಗೆ ಬೇಲಿ ಬೇಕಾಯಿತು, ಬೇಲಿಯಿಂದ ನಮಗೆ ಅನ್ನ. ನಮ್ಮ ಕ್ಯಾಟಲಾಗಿನ ಮೊದಲ ಪುಟದಲ್ಲಿ ನಾನು ಬರೆದ ಸಾಲಿನ ಅರ್ಥ 'ಕೊಲ್ಲದೆ ಕಾಯುತ್ತದೆ' ಎಂದು. ಆ ಸಾಲಿನ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಲಾರಿಗೆ ಮಾಲು ತುಂಬಿಸುವ ಜವಾಬ್ದಾರಿ ಉಳ್ಳಾಲದ ಹಮೀದಾಕನದು. ಬ್ಯಾರಿ ಮುಸ್ಲಿಂ, ಹಂದಿ ಎಂಬ ಶಬ್ದ ಬಂದರೆ ಮೂಗು ಸೊಟ್ಟ ಮಾಡುತ್ತಿದ್ದ. ಭಾವ ಬೇಕೆಂದೇ ಕೆಣಕುತ್ತಿದ್ದರು: "ಹಮೀದಾಕ, ಹಂದಿಯ ಹೆಸರಲ್ಲಿ ಬರುವ ಸಂಬಳ ನಿಮಗೆ ಆಗ್ತದಾ?" ಹಮೀದಾಕ ಬಿಟ್ಟುಕೊಡುತ್ತಿರಲಿಲ್ಲ. "ಹಂದಿಯನ್ನು ದೂರ ಇಡುವ ಬೇಲಿ ಮಾರ್ರೆ ಇದು. ಇದಕ್ಕಿಂತ ಹಲಾಲ್ ಕೆಲಸ ದುಬೈಯಲ್ಲಿ ಬೇರೆ ಎಲ್ಲುಂಟು?"

ಭಾವ ಬೇಟೆಗಾರರು. ಕೋವಿ ಹಿಡಿದದ್ದಿಲ್ಲ, ಅಷ್ಟೆ. ಚಿಕ್ಕಂದಿನಲ್ಲಿ ಕಾರ್ಕಳದ ಕಡೆ ಸೋದರಮಾವಂದಿರ ಜೊತೆ ಹೋಗಿ, ಹಂದಿಯನ್ನು ಎಬ್ಬಿಸಲು ಪೊದೆಗೆ ಕೋಲು ಬಡಿದು ಬೊಬ್ಬೆ ಹಾಕಿದವರು. ಆ ಬೊಬ್ಬೆಯನ್ನು ಬರ್ ದುಬೈಯ ಫ್ಲ್ಯಾಟಿನಲ್ಲಿ ಪ್ರತಿ ಭಾನುವಾರ ನಮಗೆ ಹಾಕಿ ತೋರಿಸುತ್ತಿದ್ದರು. ಪಕ್ಕದ ಮನೆಯವರು ಮೊದಮೊದಲು ಬಾಗಿಲು ತಟ್ಟಿ ವಿಚಾರಿಸಿದ್ದೂ ಉಂಟು. ಸೂಪರ್‌ಮಾರ್ಕೆಟಿನ ಒಳಗೆ, ಮುಸ್ಲಿಮರಲ್ಲದವರಿಗೆ ಮಾತ್ರ ಎಂದು ಬೋರ್ಡು ಹಾಕಿದ ಕೋಣೆಯಿಂದ ಅವರೇ ಮಾಂಸ ತಂದು, ಅವರೇ ಅದನ್ನು ಬೈಯುತ್ತಿದ್ದರು. "ಇದೆಂತ ಹಂದಿಯಾ? ಎಸಿಯಲ್ಲಿ ಬೆಳೆದದ್ದು. ಜೀವಮಾನದಲ್ಲಿ ಒಂದು ಸಲ ಓಡಿದ್ದುಂಟಾ ಇದು?" ಅಕ್ಕ ಸೌಟು ಹಿಡಿದುಕೊಂಡೇ ಹೇಳುತ್ತಿದ್ದಳು: "ನೀವೂ ಎಸಿಯಲ್ಲೇ ಇರುವುದಲ್ವಾ? ಸುಮ್ಮನೆ ಊಟ ಮಾಡಿ." (ಅವರ ಮಾತೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಭಾವನ ಬೈಗುಳಗಳನ್ನು ಬಿಟ್ಟಿದ್ದೇನೆ, ಅದರಿಂದ ಅವರು ಇದ್ದದ್ದಕ್ಕಿಂತ ಸಭ್ಯರಾಗಿ ಕಂಡರೆ ತಪ್ಪು ನನ್ನದು.)

ಬೇಟೆಯ ಕತೆಯಲ್ಲಿ ಅವರಿಗೆ ಎರಡು ಭಾಗ ಬಹಳ ಇಷ್ಟ. ಒಂದು ಪಾಲು ಹಂಚುವುದು. ಕೋವಿಗೆ ಒಂದು ಪಾಲು, ನಾಯಿಗೆ ಒಂದು ಪಾಲು, ಬೊಬ್ಬೆ ಹಾಕಿದವರಿಗೆ ಒಂದೊಂದು ಪಾಲು, ಹಂದಿ ಬಿದ್ದ ಹೊತ್ತಿಗೆ ಸುಮ್ಮನೆ ಆ ದಾರಿಯಲ್ಲಿ ಹೋಗುತ್ತಿದ್ದವನಿಗೂ ಒಂದು ಪಾಲು. "ಅವನಿಗೆ ಯಾಕೆ?" ಎಂದು ನಾನು ಕೇಳಿದರೆ, "ನೋಡಿದವನಿಗೆ ಕೊಡಲೇಬೇಕು ಮಾರಾಯ್ತಿ, ಇಲ್ಲದಿದ್ದರೆ ಅವನು ಬಾಯಿ ಮುಚ್ಚುವುದು ಹೇಗೆ?" ಎನ್ನುತ್ತಿದ್ದರು. ಇನ್ನೊಂದು ಅಟ್ಟಣೆ ಕಟ್ಟುವುದು. ಹಂದಿಗೆ ಕಣ್ಣು ಮಂದ, ಮೂಗು ಮಹಾ ಚುರುಕು, ಹಾಗಾಗಿ ಮರದ ಮೇಲೆ ಅಟ್ಟಣೆಯನ್ನು ಎಷ್ಟು ಎತ್ತರದಲ್ಲಿ ಕಟ್ಟಬೇಕು ಎಂಬುದರಲ್ಲೇ ಎಲ್ಲ ಇರುವುದು ಎಂದು ಅವರು ಕೈ ಎತ್ತಿ ಶುರುಮಾಡುತ್ತಿದ್ದರು. ಎತ್ತರ ಎಷ್ಟು ಎಂಬಲ್ಲಿಗೆ ಬರುವಾಗ ಅಕ್ಕ ಸಾರು ಬಡಿಸಲು ಬರುತ್ತಿದ್ದಳು, ಅಥವಾ ನನ್ನ ಗಂಡ ಟಿವಿಯ ಸದ್ದು ಏರಿಸುತ್ತಿದ್ದರು. ಅಷ್ಟು ಭಾನುವಾರಗಳಲ್ಲಿ ಒಂದು ದಿನವೂ ನಾವು ಆ ಮಾತನ್ನು ಪೂರ್ತಿ ಕೇಳಲಿಲ್ಲ. ಊಟದ ಕೊನೆಗೆ ಅವರ ತೀರ್ಮಾನ ಮಾತ್ರ ತಪ್ಪದೆ ಬರುತ್ತಿತ್ತು: ಊರಿನಲ್ಲಿ ಹಂದಿ ಗದ್ದೆ ಹಾಳುಮಾಡುತ್ತದೆ, ಸರ್ಕಾರ ಬೇಟೆಯ ನಿಯಮ ಸಡಿಲ ಮಾಡಬೇಕು, ಮಾಡುವ ಧೈರ್ಯ ಯಾರಿಗೂ ಇಲ್ಲ.

ಹೀಗಿರುವಾಗ ಆ ಭಾನುವಾರ ಬಂತು. ಭಾವ ಫೋನ್ ನೋಡುತ್ತಿದ್ದವರು ಮೇಜು ಗುದ್ದಿದರು. ಎದ್ದು ನಿಂತು ಗುದ್ದಿದರು ಎಂದು ನನ್ನ ನೆನಪು, ಕೂತೇ ಗುದ್ದಿದರು ಎಂದು ಅಕ್ಕ. ಆ ದ್ವೀಪದೇಶದವರು ಬೇಟೆಯ ನಿಯಮ ಸಡಿಲ ಮಾಡಿದ್ದರು. ಋತುವಿನ ಕಟ್ಟು ಇಲ್ಲ, ತಲೆಯ ಲೆಕ್ಕ ಇಲ್ಲ, ಜಿಂಕೆಯಾಗಲಿ ಹಂದಿಯಾಗಲಿ, ಗಂಡಾಗಲಿ ಹೆಣ್ಣಾಗಲಿ ಹೊಡೆಯಬಹುದು. ಹೊಡೆದವರಿಗೆ ಸರ್ಕಾರವೇ ಸಹಾಯ ಮಾಡುತ್ತದೆ. "ನೋಡಿ, ಇದು ಗಂಡಸು ಸರ್ಕಾರ!" ಎಂದರು ಭಾವ. ಅವರ ಮಗಳು ದಿಶಾ, ಹನ್ನೆರಡನೆಯ ತರಗತಿಯವಳು, ಇಲ್ಲೇ ಹುಟ್ಟಿದವಳು, ತಟ್ಟೆಯಿಂದ ತಲೆಯೆತ್ತದೆ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: "ಬಟ್ ಪಪ್ಪಾ, ದೇ ಡಿಡಂಟ್ ಆಸ್ಕ್ ಟು ಬಿ ಬ್ರಾಟ್ ದೇರ್." ಕರೆತನ್ನಿ ಎಂದು ಅವು ಕೇಳಿರಲಿಲ್ಲವಲ್ಲ ಎಂದು. ಭಾವ ನಕ್ಕುಬಿಟ್ಟರು. "ನಾವು ವೀಸಾ ಇಟ್ಟುಕೊಂಡು ಬಂದವರು ಮಗಾ. ಜಿಂಕೆಗೆ ವೀಸಾ ಉಂಟಾ?" ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ ಎಂದು ನನ್ನ ಗಂಡ ಹೇಳುತ್ತಾರೆ. ಆ ವಿಷಯದಲ್ಲಿ ಅವರ ನೆನಪನ್ನು ನಾನು ನಂಬುವುದಿಲ್ಲ.

ಭಾವ ಆ ಸುದ್ದಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಅಷ್ಟಕ್ಕೆ ತೃಪ್ತಿಯಾಗದೆ ಕಾರ್ಖಾನೆಯ ಗುಂಪಿಗೂ ಹಾಕಿ, ಕೆಳಗೆ ಒಂದು ಸಾಲು ಚಪ್ಪಾಳೆಯ ಚಿತ್ರ ಒತ್ತಿದರು. ಕಾರ್ಖಾನೆಯಲ್ಲಿ ನಮ್ಮ ಕಡೆಯವರೇ ಹೆಚ್ಚು. ಪುತ್ತೂರು, ಬಂಟ್ವಾಳ, ಕುಂದಾಪುರ, ಎಲ್ಲರಿಗೂ ಊರಿನಲ್ಲಿ ಹಂದಿಯ ಮೇಲೆ ಒಂದೊಂದು ಹಗೆ. ವೆಲ್ಡಿಂಗಿನವರು, ಕ್ರೇನಿನವರು, ಪ್ಯಾಕಿಂಗಿನವರು, ಎಲ್ಲರೂ ಹೆಬ್ಬೆರಳು ಎತ್ತಿದರು. 'ಕೊಲ್ಲದೆ ಕಾಯುತ್ತದೆ' ಎಂದು ಬರೆದ ನಾನೂ ಎತ್ತಿದೆ. ಬೇಲಿ ಹೆಣೆದು ಬದುಕುವ ಒಂದು ಇಡೀ ಕಾರ್ಖಾನೆ ಬೇಲಿ ಬೇಡವಾದ ಸುದ್ದಿಗೆ ಹೀಗೆ ಚಪ್ಪಾಳೆ ತಟ್ಟಿತು. ವಿಷಯ ಮೊದಲು ಹೊಳೆದದ್ದು ಹಮೀದಾಕನಿಗೆ. ಮಾರನೆಯ ದಿನ ಕಾರ್ಖಾನೆಯಲ್ಲಿ ಚಹಾದ ಹೊತ್ತಿನಲ್ಲಿ ಲೋಟ ಬಾಯಿಯ ಹತ್ತಿರ ಹಿಡಿದುಕೊಂಡೇ ನಿಂತ. "ಅಲ್ಲ ರಘುರಾಮಣ್ಣ, ಹಂದಿಯನ್ನು ಹೊಡೆದು ಮುಗಿಸಿದರೆ ಬೇಲಿ ಯಾರಿಗೆ ಮಾರ್ರೆ?" ಭಾವ ಫೋನ್ ತೆಗೆದು ತಾವು ಒತ್ತಿದ ಚಪ್ಪಾಳೆಯನ್ನು ಅಳಿಸಲು ಹೊರಟರು.

ಬೇಲಿಯ ಎರಡನೆಯ ಹಂತ ಕೈಬಿಟ್ಟಿದ್ದೇವೆ, ಆ ಹಣ ಬೇಟೆಗಾರರಿಗೆ ಹೋಗುತ್ತದೆ ಎಂದು ದ್ವೀಪದವರು ವಿನಯದಿಂದ ಬರೆದರು. ವಿನಯದಿಂದಲೇ ಒಂದು ಶಿಫ್ಟ್ ನಿಂತಿತು. ಭಾವನನ್ನು ಮ್ಯಾನೇಜರ್ ಒಳಗೆ ಕರೆದರು. ಹೊರಗೆ ಬಂದು ಅವರು ಹೇಳಿದ್ದು ಒಂದೇ ಶಬ್ದ, "ಖಲಾಸ್." ವಯಸ್ಸಾದ ಸೂಪರ್‌ವೈಸರಿಗೆ ಸಂಬಳ ಹೆಚ್ಚು, ಉಳಿದಿರುವ ಶಿಫ್ಟ್ ಒಂದೇ. ಭಾವನ ವೀಸಾದ ಮೇಲೆ ಅಕ್ಕನೂ ದಿಶಾಳೂ ಇದ್ದರು. ಹುಡುಗಿಯ ಪರೀಕ್ಷೆಯ ತನಕವಾದರೂ ಇಲ್ಲಿ ನಿಲ್ಲಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಅಬುಧಾಬಿಯ ಮೀನಾ ಬಂದರಿನಲ್ಲಿ ಒಬ್ಬ ಪರಿಚಯದವನ ಗೋದಾಮು, ಜೆಬೆಲ್ ಅಲಿಯಲ್ಲಿ ಇನ್ನೊಬ್ಬನ ವರ್ಕ್‌ಶಾಪು, ಎಲ್ಲ ಕಡೆ ತಿರುಗಿದೆವು. ಎಲ್ಲರೂ ಚಹಾ ಕೊಟ್ಟರು, ಫೋನ್ ಮಾಡುತ್ತೇವೆ ಎಂದರು. ಕೆಲಸ ಹೋದವರಿಗೆ ದೇಶ ಬಿಡಲು ಕೊಡುವ, ಗ್ರೇಸ್ ಪಿರಿಯಡ್ ಎಂಬ ಸುಂದರ ಹೆಸರಿನ ಅವಧಿ ಮುಗಿಯುತ್ತಾ ಬಂದಿತು. ಜಿಂಕೆಗಳಿಗೆ ಅದೂ ಕೊಟ್ಟಿರಲಿಲ್ಲ ಎಂದು ನಾನು ಸಮಾಧಾನಕ್ಕೆ ಒಂದು ತಮಾಷೆ ಮಾಡಿದೆ. ಅಕ್ಕ ಸೋಫಾದ ಫೋಟೋ ತೆಗೆದು ಮಾರಾಟಕ್ಕೆ ಹಾಕುತ್ತಿದ್ದಳು. ದಿಶಾ ಹುಟ್ಟಿದ ಊರನ್ನು ಬಿಟ್ಟು, ರಜೆಯಲ್ಲಿ ಮಾತ್ರ ಕಂಡ ಮೂಡುಬಿದಿರೆಗೆ ವಿಮಾನ ಹತ್ತುವಾಗ, "ಚಿಕ್ಕಮ್ಮಾ, ನೌ ಐ ಆಮ್ ದ ಇಂಟ್ರೊಡ್ಯೂಸ್ಡ್ ಒನ್" ಎಂದಳು. ತಂದು ಬಿಟ್ಟ ಪ್ರಾಣಿ ಈಗ ನಾನು ಎಂದು. ಅದಕ್ಕೆ ಯಾರೂ ನಗಲಿಲ್ಲ.

ಭಾವ ಹೋದ ಮಾರನೆಯ ದಿನ ಆಫೀಸಿನಲ್ಲಿ ಪಾಲು ಹಂಚಿಕೆಯಾಯಿತು. ಯಾರೂ ಹಾಗೆಂದು ಕರೆಯಲಿಲ್ಲ. ಅವರ ಮಾನಿಟರ್ ಸ್ಟೋರಿನವನಿಗೆ, ಕೆಟಲ್ ಪ್ಯಾಕಿಂಗಿನವರಿಗೆ, ನೆರಳಿನಲ್ಲಿದ್ದ ಕಾರಿನ ಜಾಗ ಮ್ಯಾನೇಜರನ ಕಾರ್ಯದರ್ಶಿಗೆ. ಹಮೀದಾಕ ಮಾತ್ರ ಏನನ್ನೂ ಮುಟ್ಟದೆ ಹೊರಗೆ ಹೋಗಿ ಲಾರಿಯ ಹತ್ತಿರ ನಿಂತ. ಬೆನ್ನಿಗೆ ಆಸರೆ ಕೊಡುವ ಅವರ ಒಳ್ಳೆಯ ಕುರ್ಚಿ ಎರಡು ದಿನ ಖಾಲಿಯಿತ್ತು. ಮೂರನೆಯ ದಿನ ಅದು ನನ್ನ ಮೇಜಿನ ಹಿಂದೆ ಇತ್ತು. ಅದನ್ನು ಅಲ್ಲಿಗೆ ತಳ್ಳಿಕೊಂಡು ಬಂದವರು ಯಾರು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ನನ್ನ ಬೆನ್ನುನೋವು ಮಾತ್ರ ಕಡಿಮೆಯಾಗಿದೆ.

ಕಾರ್ಖಾನೆ ಮುಚ್ಚಲಿಲ್ಲ. ಅದೇ ಪೈಪು, ಅದೇ ತಂತಿ, ಅದೇ ವೆಲ್ಡಿಂಗ್. ಬೇಲಿಯ ಬದಲು ಈಗ ಅದೇ ದ್ವೀಪದ ಬೇಟೆಗಾರರಿಗೆ ಕೂರಲು ಕಬ್ಬಿಣದ ಅಟ್ಟಣೆ ಮಾಡುತ್ತೇವೆ. ಮಡಚಬಹುದು, ಜೀಪಿನ ಮೇಲೆ ಒಯ್ಯಬಹುದು. ಮ್ಯಾನೇಜರ್ ನನ್ನನ್ನು ಕರೆದು, "ಯಲ್ಲಾ, ಬೇಗ ಬೇಗ, ಹೊಸ ಕ್ಯಾಟಲಾಗು ಬೇಕು" ಎಂದರು. 'ಕೊಲ್ಲದೆ ಕಾಯುತ್ತದೆ' ಎಂಬ ಸಾಲನ್ನು ನಾನೇ ಅಳಿಸಿದೆ. ಅದರ ಜಾಗದಲ್ಲಿ ಬಂದ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ಅಷ್ಟು ಸಾಕು. ಒಂದೇ ತೊಡಕಾಯಿತು. ಬೇಟೆಗಾರ ಎಷ್ಟು ಎತ್ತರದಲ್ಲಿ ಕೂರಬೇಕು, ಯಾಕೆ ಅಷ್ಟೇ ಎತ್ತರ ಎಂದು ಬಲ್ಲವರ ಹಾಗೆ ಒಂದು ಪ್ಯಾರಾ ಬೇಕಂತೆ, ಓದಿದವರಿಗೆ ನಂಬಿಕೆ ಬರಬೇಕಂತೆ. ಬಲ್ಲವರು ನನಗೆ ಗೊತ್ತಿರುವುದು ಒಬ್ಬರೇ.

ಅವರು ಹೋದ ಮೇಲೆ ನಾನು ಕಳಿಸಿದ ಮೊದಲ ಸಂದೇಶ ಇದೇ ಆಗಬಾರದಿತ್ತು. ಹೇಗಿದ್ದೀರಿ ಎಂದು ಶುರುಮಾಡಬಹುದಿತ್ತು, ದಿಶಾಳ ಕಾಲೇಜಿನ ಬಗ್ಗೆ ಕೇಳಬಹುದಿತ್ತು. ಕೇಳಿ ಆಮೇಲೆ ಇದನ್ನು ಕೇಳಿದ್ದೆ ಎಂದು ನನ್ನ ನೆನಪು ಈಗಾಗಲೇ ತಿದ್ದಿಕೊಳ್ಳಲು ಹೊರಟಿದೆ. ಆದರೆ ಫೋನ್ ತೆರೆದರೆ ನನ್ನ ದಿನಚರಿಯ ಹಾಗೆ ಅದು ಎಸಿಯ ಮಾತಾಡುವುದಿಲ್ಲ. ಅದರಲ್ಲಿ ಇರುವುದು ಒಂದೇ ಸಾಲು, ಕೆಳಗೆ ಅವರು ಓದಿದ್ದಾರೆ ಎನ್ನುವ ಎರಡು ನೀಲಿ ಗುರುತು, ಆ ಕೆಳಗೆ ಏನೂ ಇಲ್ಲ. ಅವರ ಕುರ್ಚಿಯಲ್ಲಿ ಒರಗಿ ಕೂತು ನಾನು ಕೇಳಿದ್ದೆ:

"ಭಾವ, ಹಂದಿಗೆ ನಮ್ಮ ವಾಸನೆ ಸಿಗಬಾರದು ಅಂತಾದರೆ ಅಟ್ಟಣೆ ಎಷ್ಟು ಎತ್ತರ ಇರಬೇಕು?"