ವೆಂಜು ಮಾವನ ಪ್ಲಾಸ್ಟರ್ ಕಾಲು

ಇಷ್ಟಕ್ಕೆಲ್ಲ ಕಾರಣ ಎರಡು ಪಸ್ತೀತ್ಸಿ. ಆ ಶುಕ್ರವಾರ ಬೆಳಿಗ್ಗೆ ಏಳೂವರೆಗೆ ನಾರ್ದು ಮಿಜ್ಜಿ ನಮ್ಮೂರು ಹಾರೂಬಿನ ಫುಟ್‌ಬಾಲ್ ಕ್ಲಬ್ಬಿನ ಬಾರಿಗೆ ಹೋಗಿ ಬಟಾಣಿ ತುಂಬಿದ ಪಸ್ತೀತ್ಸಿ ಕಟ್ಟಿಸಿಕೊಂಡ. ಬಾರ್ ನೋಡಿಕೊಳ್ಳುವ ಬಸ್ತ್ಯಾನ್ ಕೈಗೆ ಸಿಕ್ಕ ಕಾಗದದಲ್ಲಿ ಸುತ್ತಿ ಕೊಟ್ಟ. ಆ ಕಾಗದ, ನಮ್ಮ ಗೋಜೋ ದ್ವೀಪದ ಫುಟ್‌ಬಾಲ್ ಚರಿತ್ರೆಯ ಕರಡು ಪುಟ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ತಪ್ಪಿದ್ದರೆ ತಿದ್ದಿ ಕಳಿಸಿ ಎಂದು ದ್ವೀಪದ ಫುಟ್‌ಬಾಲ್ ಸಂಘದವರು ಒಂದೊಂದು ಕ್ಲಬ್ಬಿಗೂ ಕಳಿಸಿದ್ದರು. ಬಸ್ತ್ಯಾನ್ ಅದರಲ್ಲಿ ತಿಂಡಿ ಕಟ್ಟಿದ.

ನಾರ್ದು ಮನೆ ಎದುರಿನ ಕಡಲ ಕಟ್ಟೆಯ ಮೇಲೆ ಕೂತು ಒಂದನ್ನು ತಿಂದ. ಎರಡನೆಯದು ಬಾಯಿಯ ಹತ್ತಿರ ಬಂದಾಗ ಎಣ್ಣೆ ಹೀರಿದ ಕಾಗದದ ಮೇಲೆ ಕಣ್ಣು ಬಿತ್ತು. '1958, ಮೇ 18. ದ್ವೀಪ ಕಪ್ ಅಂತಿಮ ಪಂದ್ಯ. ಹಾರೂಬ್ 1, ಐನ್‌ಬರ್ದಾ 0. ಗೋಲು: ವೆಂಜು ಸ್ಪಿತೇರಿ.'

ಪಸ್ತೀತ್ಸಿ ಸಮುದ್ರಕ್ಕೆ ಹೋಯಿತು. ಆ ಮನೆತನದವರ ರೀತಿಯೇ ಹಾಗೆ, ಸಿಟ್ಟು ಬಂದಾಗ ಕೈಯಲ್ಲಿ ಏನಿದ್ದರೂ ಅದು ಸಮುದ್ರಕ್ಕೆ. ನಾರ್ದುವಿನ ಅಪ್ಪ ಸಲ್ವು ತನ್ನ ಕಾಲದಲ್ಲಿ ರೆಫರಿಯ ಸೈಕಲನ್ನೇ ಇದೇ ಕಟ್ಟೆಯಿಂದ ಎತ್ತಿ ಎಸೆದಿದ್ದ. ಊರಿನವರು ಅವರದನ್ನು ಸಿಡಿಮದ್ದಿನ ಮನೆ ಎಂದು ಕರೆಯುವುದು ಸುಮ್ಮನೆ ಅಲ್ಲ.

ಐವತ್ತೆಂಟರ ಗೋಲು ಹೊಡೆದದ್ದು ಸಲ್ವು ಎಂದು ನಮ್ಮೂರಿನ ಬೆಕ್ಕುಗಳಿಗೂ ಗೊತ್ತು. ನೂರು ವರ್ಷ ಆಡಿ ನಾವು ಗೆದ್ದಿರುವುದು ಅದೊಂದೇ ಕಪ್. ಬಾರಿನ ಗಾಜಿನ ಪೆಟ್ಟಿಗೆಯಲ್ಲಿ ಕಪ್ ಇದೆ, ಮೇಲೆ ಗೋಡೆಯಲ್ಲಿ ಫೋಟೊ ಇದೆ, ಫೋಟೊದಲ್ಲಿ ಸಲ್ವು ಗಾಳಿಯಲ್ಲಿದ್ದಾನೆ, ಚೆಂಡು ಬಲೆಯಲ್ಲಿದೆ. ಆದರೂ ಗೋಲು ಹೊಡೆದವನೆಂದು ಸಂಘದ ವರ್ಷದೂಟಕ್ಕೆ ರಬಾತ್ ಪೇಟೆಗೆ ಕರೆ ಬರುತ್ತಿದ್ದದ್ದು ಪಕ್ಕದ ಮನೆಯ ವೆಂಜು ಮಾವನಿಗೆ. ಸಲ್ವುವನ್ನು ಕೇಳಿದರೆ "ಬಿಡ್ರೋ ಅದನ್ನ" ಎಂದು ಎದ್ದು ಹೋಗುತ್ತಿದ್ದ. ಅವನು ಸತ್ತು ಎಂಟು ವರ್ಷವಾಯಿತು. ಈಗ ಪುಸ್ತಕದಲ್ಲೂ ಇಲ್ಲದೆ ಹೋದರೆ ಅಪ್ಪನ ಹೆಸರು ಇನ್ನೆಲ್ಲೂ ಉಳಿಯುವುದಿಲ್ಲ ಎಂದು ನಾರ್ದುವಿನ ಎದೆ ಉರಿಯಿತು. ಆ ಉರಿ ನನಗೂ ಅರ್ಥವಾಗುತ್ತದೆ. ಮುಂದೆ ಮಾಡಿದ್ದನ್ನು ಮಾತ್ರ ಕ್ಷಮಿಸಲಾರೆ.

ಅವನು ಮತ್ತೆ ಬಾರಿಗೆ ನುಗ್ಗಿದ.

"ಇದನ್ನ ಓದಿದೀಯೇನೋ ನೀನು?"

"ನಂಗೆ ಬೆಳಿಗ್ಗೆ ಓದೋಕೆ ಪುರಸೊತ್ತೆಲ್ಲಿದೆ?" ಎಂದ ಬಸ್ತ್ಯಾನ್. "ಯಾಕೆ, ಪಸ್ತೀತ್ಸಿಗೆ ಶಾಯಿ ಅಂಟಿತ್ತಾ?"

ಕಾಫಿ ಕುಡಿಯುತ್ತಿದ್ದವರೆಲ್ಲ ಪುಟ ನೋಡಿದರು, ಎಲ್ಲರೂ ಸಲಹೆ ಕೊಟ್ಟರು. ಒಬ್ಬ ವಕೀಲರ ಹತ್ತಿರ ಹೋಗು ಎಂದ, ಇನ್ನೊಬ್ಬ ಪಾದ್ರಿಯ ಹತ್ತಿರ ಎಂದ. "ಪುಸ್ತಕ ಬರೀತಿರೋದು ಅತಾರ್ಡ್ ಮೇಷ್ಟ್ರು. ಐನ್‌ಬರ್ದಾದವರು. ಇನ್ನೇನಾಗತ್ತೆ ಮತ್ತೆ," ಎಂದು ಮೂರನೆಯವನು ಒಲೆಗೆ ಸೌದೆ ಇಟ್ಟ. ನಾರ್ದು ಕುರ್ಚಿ ಹತ್ತಿ ಫೋಟೊ ಕಿತ್ತ. ಅರ್ಧ ಗೋಡೆಯ ಗಾರೆ ಅದರ ಜೊತೆಗೇ ಬಂತು.

ವೆಂಜು ಮಾವ ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದ. ಎಂಬತ್ತಮೂರು ವರ್ಷ, ಹಲ್ಲು ಮೂರು. ಆ ತಂಡದಲ್ಲಿ ಉಳಿದಿರುವವನು ಅವನೊಬ್ಬನೇ.

"ಮಾವ, ಆ ಗೋಲು ಹೊಡೆದಿದ್ದು ಯಾರು?" ಎಂದ ನಾರ್ದು ಫೋಟೊ ಮುಂದೆ ಹಿಡಿದು.

ವೆಂಜು ಮಾವ ಬೀದಿಯ ಕಡೆ ನೋಡಿದ. ಐನ್‌ಬರ್ದಾದ ಬ್ರೆಡ್ ವ್ಯಾನಿನವನು ಕಿವಿ ಇತ್ತ ಕೊಟ್ಟುಕೊಂಡೇ ಬ್ರೆಡ್ ಮಾರುತ್ತಿದ್ದ.

"ನಾನೇ ಹೊಡೆದಿದ್ದು," ಎಂದ ವೆಂಜು ಮಾವ, ವ್ಯಾನಿನವರೆಗೂ ಕೇಳುವಂತೆ. ಆಮೇಲೆ ಮೆಲ್ಲಗೆ, "ಒಳಗೆ ಬಾ. ಬಾಗಿಲು ಹಾಕ್ಕೊಂಡು ಹೇಳ್ತೀನಿ."

"ನಿಮ್ಮ ಹೊಸಿಲು ತುಳಿಯಲ್ಲ ನಾನು. ಇಷ್ಟು ವರ್ಷ ನನ್ನಪ್ಪನ ಪಾಲಿನ ಊಟ ಉಂಡಿದೀರಿ."

"ನಿಮ್ಮಪ್ಪನಿಗೆ ಎಲ್ಲಾ ಗೊತ್ತಿತ್ತು ಕಣೋ. ಎರಡು ನಿಮಿಷ ಒಳಗೆ ಬಾ."

"ಸತ್ತವರು ಎದ್ದು ಬಂದು ಸಾಕ್ಷಿ ಹೇಳಲ್ಲ ಅಂತ ಧೈರ್ಯ ನಿಮಗೆ," ಎಂದು ನಾರ್ದು ಹೊರಟೇಬಿಟ್ಟ. ಎರಡೇ ನಿಮಿಷ. ಅವನು ಆ ಎರಡು ನಿಮಿಷ ಒಳಗೆ ಹೋಗಿದ್ದರೆ ನಮ್ಮ ಊರು ಇವತ್ತು ತಲೆಯೆತ್ತಿ ಓಡಾಡುತ್ತಿತ್ತು.

ಮನೆಯಲ್ಲಿ ಹೆಂಡತಿ ಸುಂತಾ ಪೊರಕೆ ಹಿಡಿದು ಇಗರ್ಜಿ ಗುಡಿಸಲು ಹೊರಟಿದ್ದಳು. ಅವನ ಕೂಗಾಟವನ್ನೆಲ್ಲ ಕೇಳಿ, "ವೆಂಜು ಮಾವ ಹೊಡೆಯೋದು ಹೇಗ್ರೀ?" ಎಂದಳು. "ಅವರು ಅಂಜೂರದ ಮರದಿಂದ ಬಿದ್ದು ಕಾಲು ಮುರ್ಕೊಂಡಿದ್ದು ಅದೇ ವರ್ಷ ತಾನೆ. ಆ ಪ್ಲಾಸ್ಟರ್ ಇನ್ನೂ ಗೋಡೆ ಮೇಲಿದೆ. ವಾರ ವಾರ ಧೂಳು ಹೊಡೆಯೋಳು ನಾನು."

ನಮ್ಮ ಮಾತೆಯ ಇಗರ್ಜಿಯ ಎಡಗೋಡೆ ಯಾವತ್ತೂ ಹಾಗೆಯೇ. ವಾಸಿಯಾದವರು ತಮ್ಮ ಊರುಗೋಲು, ಕಟ್ಟು, ಪಟ್ಟಿ ಎಲ್ಲವನ್ನೂ ತಂದು ಹರಕೆಯಾಗಿ ನೇತು ಹಾಕುತ್ತಾರೆ. ವೆಂಜು ಮಾವನ ಪ್ಲಾಸ್ಟರ್ ಕಾಲು ಮೂರನೆಯ ಸಾಲಿನಲ್ಲಿತ್ತು. ಅದರ ಮೇಲೆ ಕಪ್ಪು ಶಾಯಿಯಲ್ಲಿ ಬರೆದಿತ್ತು: 'ಮುರಿದದ್ದು 1958 ಮೇ 3. ಬಿಚ್ಚಿದ್ದು ಆಗಸ್ಟ್ 9. ಮಾತೆಗೆ ವಂದನೆ. ವೆಂಜು ಸ್ಪಿತೇರಿ.'

ನಾರ್ದು ಇಗರ್ಜಿಗೆ ಓಡಿ, ಬೆಂಚು ಹತ್ತಿ ಕಾಲನ್ನು ಇಳಿಸಿಕೊಂಡ. ಜಪಸರ ಹೇಳುತ್ತಿದ್ದ ಮೂವರು ಮುದುಕಿಯರು ಅರ್ಧಕ್ಕೆ ನಿಲ್ಲಿಸಿದರು.

"ಅದು ಮಾತೆಗೆ ಕೊಟ್ಟಿರೋ ಕಾಲು. ಇಡು ಅಲ್ಲೇ."

"ಸಾಯಂಕಾಲ ತಂದುಕೊಡ್ತೀನಿ ಅಜ್ಜಿ. ಮಾತೆಗೇನು ಅವಸರವಿಲ್ಲ."

ಮೂವರೂ ಛತ್ರಿ ಹಿಡಿದು ಬಸ್ ನಿಲ್ದಾಣದವರೆಗೆ ಅಟ್ಟಿಸಿಕೊಂಡು ಬಂದರು. ಬೆನ್ನಿಗೆ ಎರಡು ಏಟು ಬಿತ್ತು. ಒಂದು ಕಂಕುಳಲ್ಲಿ ಫೋಟೊ, ಇನ್ನೊಂದು ಕಂಕುಳಲ್ಲಿ ಕಾಲು ಇಟ್ಟುಕೊಂಡು ನಾರ್ದು ಬಸ್ ಹತ್ತಿದಾಗ ಡ್ರೈವರ್ ಮೇಲಿಂದ ಕೆಳಗೆ ನೋಡಿ, "ಎರಡು ಕಾಲಿನವರಿಗೆ ಒಂದು ಟಿಕೆಟ್. ಮೂರಿದ್ದರೆ ಎಷ್ಟು ಅಂತ ನಂಗೆ ಗೊತ್ತಿಲ್ಲ," ಎಂದ. ನಾರ್ದು ನಗಲಿಲ್ಲ. ಇಡೀ ಬಸ್ಸಿಗೆ ಕೇಳುವಂತೆ ಅಪ್ಪನ ಗೋಲಿನ ಕತೆ ಹೇಳಿದ. ಬಸ್ಸು ರಬಾತ್ ಮುಟ್ಟುವಷ್ಟರಲ್ಲಿ ಅವನಿಗಿಂತ ಮುಂಚೆ ಕತೆಯೇ ಅಲ್ಲಿಗೆ ತಲುಪಿತ್ತು. ನಮ್ಮ ದೇಶ ಅಷ್ಟೇ ದೊಡ್ಡದು.

ಸಂಘದ ಕಚೇರಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ. ಅತಾರ್ಡ್ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ಪುಸ್ತಕದ ಕೊನೆಯ ಪುಟಗಳನ್ನು ತಿದ್ದುತ್ತಿದ್ದರು. ನಾರ್ದು ಕಾಲನ್ನು ಅವರ ಕಾಗದಗಳ ಮೇಲೆಯೇ ಇಟ್ಟ.

"ಇದೇನಪ್ಪಾ?"

"ವೆಂಜು ಸ್ಪಿತೇರಿಯ ಕಾಲು. ತಾರೀಖು ಓದಿ. ಆಮೇಲೆ ಈ ಫೋಟೊ ನೋಡಿ. ಆಮೇಲೆ ನನ್ನಪ್ಪನ ಹೆಸರು ಯಾಕೆ ನುಂಗಿದ್ರಿ ಹೇಳಿ."

ಮೇಷ್ಟ್ರು ಓದಿದರು, ನೋಡಿದರು. ಅವರ ಮುಖದಲ್ಲಿ ಏನೋ ಬಂದು ಹೋಯಿತು. ಎದ್ದು ಕಪಾಟಿನಿಂದ ಹಳೆಯ ನೋಂದಣಿ ಪುಸ್ತಕ ತೆಗೆದು, ಒಂದು ಪುಟ ನೋಡಿ, ಮುಚ್ಚಿದರು.

"ನಾರ್ದು, ಊಟ ಆಯ್ತಾ?"

"ಊಟದ ಮಾತು ಬೇಡ."

"ಮನೆಗೆ ಹೋಗಿ ಊಟ ಮಾಡಿ. ವೆಂಜು ಜೊತೆ ಒಂದು ಮಾತಾಡಿ. ನಾಳೆ ಬನ್ನಿ. ನಾನು ಐನ್‌ಬರ್ದಾದವನು, ನಾಳೆ ತನಕ ಕಾಯಿರಿ ಅನ್ನೋದು ನನಗೆ ಸುಲಭವಲ್ಲ. ಆದರೂ ಹೇಳ್ತಿದೀನಿ."

"ನಾಳೆ ಪುಸ್ತಕ ಅಚ್ಚಿಗೆ ಹೋಗಿರತ್ತೆ. ಯಾಮಾರಿಸೋಕೆ ನೋಡ್ತೀರಾ ನನ್ನ?"

ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಅಂದರೆ ಆವತ್ತು ಮೈದಾನದಲ್ಲಿ ವೆಂಜು ಇರಲೇ ಇಲ್ಲ ಅಂತೀರಿ."

"ಇರಲಿಲ್ಲ."

"ಅವನ ಜಾಗದಲ್ಲಿ ಆಡಿದ್ದು ನಿಮ್ಮ ತಂದೆ."

"ನನ್ನ ತಂದೆ. ಸಲ್ವು ಮಿಜ್ಜಿ. ಹತ್ತು ಸಲ ಹೇಳ್ಬೇಕಾ?"

"ಬರೆದು ಸಹಿ ಹಾಕಿಕೊಡ್ತೀರಾ?"

ನಾರ್ದು ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದ.

ಆಗ ಮೇಷ್ಟ್ರು ನೋಂದಣಿ ಪುಸ್ತಕ ತೆರೆದು ಅವನ ಕಡೆ ತಿರುಗಿಸಿದರು. 'ಸಲ್ವು ಮಿಜ್ಜಿ, ಹಾರೂಬ್. ರೆಫರಿಯ ಸೈಕಲನ್ನು ಸಮುದ್ರಕ್ಕೆ ಎಸೆದದ್ದಕ್ಕಾಗಿ 1958 ಏಪ್ರಿಲ್ 1ರಿಂದ ಒಂದು ವರ್ಷ ಆಡುವಂತಿಲ್ಲ.'

"ನಿಷೇಧ ಇದ್ದವನು ಇನ್ನೊಬ್ಬನ ಹೆಸರಲ್ಲಿ ಆಡಿದರೆ ಪಂದ್ಯ ರದ್ದು," ಎಂದರು ಮೇಷ್ಟ್ರು. "ಎದುರಾಳಿಗೆ ಮೂರು ಸೊನ್ನೆ ಜಯ. ಈ ನಿಯಮಕ್ಕೆ ಕಾಲಮಿತಿ ಇಲ್ಲ. ಅರವತ್ತೊಂದು ವರ್ಷ ನಮ್ಮೂರಿನವರು ಇದನ್ನ ಸಾಬೀತು ಮಾಡೋಕೆ ಒದ್ದಾಡಿದರು. ಹೊರಗಿನವರ ಮುಂದೆ ನಿಮ್ಮೂರಿನ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ."

ನಾರ್ದುವಿನ ಕಿವಿಯಲ್ಲಿ ಅಪ್ಪನ "ಬಿಡ್ರೋ ಅದನ್ನ" ಎಂಬ ಮಾತು ಈಗ ಸರಿಯಾಗಿ ಕೇಳಿಸಿತು.

"ಆ ಕಾಗದ ವಾಪಸ್ ಕೊಡಿ."

"ಅದು ಈಗ ಸಂಘದ್ದು. ಕಾಲೂ ಅಷ್ಟೇ, ಪುರಾವೆ."

ದೊಡ್ಡ ದೇಶಗಳಲ್ಲಿ ಇಂಥ ತೀರ್ಮಾನಕ್ಕೆ ವರ್ಷಗಟ್ಟಲೆ ಬೇಕಾಗುತ್ತದಂತೆ. ನಮ್ಮಲ್ಲಿ ಸಮಿತಿ ಸೇರಲು ಐದು ಜನ ಒಂದು ಬೀದಿ ದಾಟಿದರೆ ಸಾಕು. ನಾಲ್ಕು ಗಂಟೆಗೆ ಸೇರಿದರು, ನಾಲ್ಕೂವರೆಗೆ ಎದ್ದರು. ಮನೆಗೆ ಹೋಗುವ ಧೈರ್ಯವಿಲ್ಲದೆ ನಾರ್ದು ರಬಾತಿನ ಬೀದಿಗಳನ್ನು ಸುತ್ತಿ, ಆರು ಗಂಟೆಯ ಬಸ್ಸಿನಲ್ಲಿ ಹಾರೂಬಿಗೆ ಬಂದು ಇಳಿದ.

ಅವನ ಮನೆ ಕಡೆಯಿಂದ ಬ್ಯಾಂಡ್ ಸದ್ದು ಕೇಳಿಸುತ್ತಿತ್ತು. ಪಟಾಕಿ ಸಿಡಿಯುತ್ತಿತ್ತು. ಒಂದು ಕ್ಷಣ ಅವನಿಗೆ ಆಸೆಯಾಯಿತು: ಊರಿನವರು ಸಿಟ್ಟು ಬಿಟ್ಟು ಅಪ್ಪನ ಗೋಲಿಗೆ ಮರ್ಯಾದೆ ಮಾಡುತ್ತಿರಬಹುದು. ತಿರುವು ದಾಟಿದಾಗ ಬಾವುಟಗಳು ಕಂಡವು. ನಮ್ಮದು ಕೆಂಪು. ಅವೆಲ್ಲ ನೀಲಿ.

ಐನ್‌ಬರ್ದಾ ಊರಿಗೆ ಊರೇ ಬಂದಿತ್ತು. ಸೋತವರ ಊರಿಗೆ ಅಣಕು ಶವಯಾತ್ರೆ ತರುವುದು ನಮ್ಮಲ್ಲಿ ಇದ್ದದ್ದೇ. ಕೆಂಪು ಬಟ್ಟೆ ಹೊದಿಸಿದ ಶವಪೆಟ್ಟಿಗೆ ಹೊತ್ತು, ಎದೆ ಬಡಿದುಕೊಂಡು, ನಗುತ್ತಾ ಅಳುತ್ತಿದ್ದರು. ಬಸ್ತ್ಯಾನ್ ಕಣ್ಣೊರೆಸಿಕೊಂಡು ಗಾಜಿನ ಪೆಟ್ಟಿಗೆ ತೆರೆದು ಕಪ್ ಒಪ್ಪಿಸಿ ಆಗಿತ್ತು. ನಾವೆಲ್ಲ ಕಿಟಕಿ ಮುಚ್ಚಿಕೊಂಡು ಸಂದಿಯಿಂದ ನೋಡುತ್ತಿದ್ದೆವು.

"ಬಂದ್ರು, ನಾರ್ದಣ್ಣ ಬಂದ್ರು," ಎಂದು ಅವರು ಕೂಗಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. "ನಮ್ಮಪ್ಪಂದಿರ ಕೈಲಿ ಆಗದ್ದನ್ನ ನೀವು ಒಂದೇ ದಿನದಲ್ಲಿ ಮಾಡಿಕೊಟ್ರಿ."

"ಇಳಿಸ್ರೋ ನನ್ನ. ಇಳಿಸಿ ಅಂದರೆ ಇಳಿಸ್ಬೇಕು."

ಅವರ ಕ್ಯಾಪ್ಟನ್ ಕಪ್ಪನ್ನು ಅವನ ಕೈಗೇ ಕೊಟ್ಟ. "ಒಂದು ಸಲ ಹಿಡ್ಕೊಳ್ಳಿ ನಾರ್ದಣ್ಣ. ನಿಮ್ಮಿಂದಲೇ ಬಂದಿದ್ದಲ್ವಾ?"

ನಾರ್ದು ಕಪ್ ನೋಡಿದ. ಬ್ಯಾಂಡ್ ನೋಡಿದ. ಶವಪೆಟ್ಟಿಗೆ ನೋಡಿದ. ಮದ್ದಿನ ಮನೆಯವನ ಕೈಗೆ, ಅವನು ಸಿಟ್ಟಿನಲ್ಲಿರುವಾಗ, ಕಡಲ ಕಟ್ಟೆಯ ಪಕ್ಕದಲ್ಲಿ ಯಾರಾದರೂ ಏನನ್ನಾದರೂ ಕೊಡುತ್ತಾರೆಯೇ? ಐನ್‌ಬರ್ದಾದವರಿಗೆ ಅಷ್ಟೂ ಬುದ್ಧಿ ಇರಲಿಲ್ಲ. ಕಪ್ ಸಂಜೆಬಿಸಿಲಿಗೆ ಒಮ್ಮೆ ಮಿನುಗಿ, ರೆಫರಿಯ ಸೈಕಲ್ ಮುಳುಗಿದ ಕಡೆಗೇ ಹೋಗಿ ಮುಳುಗಿತು.

ಬ್ಯಾಂಡ್ ನಿಂತಿತು. ಹೊತ್ತವರು ಅವನನ್ನು ಕೈಬಿಟ್ಟರು, ಕೆಳಗೆ ಕಲ್ಲಿತ್ತು. ಪಕ್ಕದ ಮನೆಯ ಕಿಟಕಿ ತೆರೆಯಿತು. "ಥೇಟ್ ಸಲ್ವು," ಎಂದ ವೆಂಜು ಮಾವ. "ಅದಿರಲಿ, ನನ್ನ ಕಾಲೆಲ್ಲೋ?"

ಗುಂಪಿನ ಹಿಂದೆ ನಿಂತಿದ್ದ ಅತಾರ್ಡ್ ಮೇಷ್ಟ್ರು ಕನ್ನಡಕ ಮೂಗಿಗೆ ಇಳಿಸಿ, ಜೇಬಿನಿಂದ ಪೆನ್ಸಿಲ್ ತೆಗೆದರು.

ಪುಸ್ತಕ ಕ್ರಿಸ್ಮಸ್ಸಿಗೆ ಬಂತು. ಐವತ್ತೆಂಟರ ಸಾಲು ಈಗ ಹೀಗಿದೆ: 'ಐನ್‌ಬರ್ದಾ 3, ಹಾರೂಬ್ 0. ಗೋಲು: ಯಾರೂ ಇಲ್ಲ.' ಹಿಂದುಗಡೆ ಶಿಕ್ಷೆಗಳ ಪುಟದಲ್ಲಿ 'ಸಲ್ವು ಮಿಜ್ಜಿ: ಒಂದು ವರ್ಷ, ಸೈಕಲ್' ಎಂದಿದೆ. ಅದರ ಕೆಳಗೇ 'ನಾರ್ದು ಮಿಜ್ಜಿ: ಆಜೀವ, ಕಪ್.' ಬಸ್ತ್ಯಾನ್ ಆ ಪುಟವನ್ನು ಈ ಸಲ ತಿಂಡಿ ಕಟ್ಟಲು ಬಳಸಲಿಲ್ಲ. ಕಪ್ ಇದ್ದ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದಾನೆ.

ನಾರ್ದು ಬಾರಿನೊಳಗೆ ಕಾಲಿಡುವಂತಿಲ್ಲ. ಬೆಳಿಗ್ಗೆ ಏಳೂವರೆಗೆ ಕಿಟಕಿಯಾಚೆ ನಿಂತು ಅದನ್ನು ಓದಿಕೊಂಡು ಹೋಗುತ್ತಾನೆ. ಅಪ್ಪನ ಹೆಸರು ದಪ್ಪ ಅಕ್ಷರದಲ್ಲಿದೆ, ಬೀದಿಯಿಂದಲೂ ಕಾಣುತ್ತದೆ.