ಬಣ್ಣದ ಬಸಿಗಳ ಸಂಸಾರ

ಪಿಂಗಾಣಿ ಅಂಗಡಿ ಕಂಡರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ಮನೆ ರಾಣೆಬೆನ್ನೂರು, ನೌಕರಿ ಬ್ಯಾಡಗಿಯ ಅಂಚೆ ಕಚೇರಿ, ದಿನಾ ಬಸ್ಸಿನ ಓಡಾಟ. ಪಗಾರದ ದಿನ ಒಂದು ಬಣ್ಣದ ಬಸಿಯೋ ಬಟ್ಟಲೋ ಇಲ್ಲದೆ ನಾನು ಮನೆ ಸೇರಿದ್ದೇ ಕಡಿಮೆ. ಒಡೆಯುವ ಸಾಮಾನಲ್ಲವೇ, ಅದರ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಬಸ್ಸಿನ ಪಂಕ್ತಿ

ಹಾವೇರಿಯಲ್ಲಿ ಒಮ್ಮೆ ಹಳದಿ ಹೂವಿನ ಆರು ತಾಟು ಕೊಂಡೆ. ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ನಿಂತೆ. ಸೀಟಿನಲ್ಲಿದ್ದ ಕುಪ್ಪೇಲೂರಿನ ಅಜ್ಜಿಯೊಬ್ಬರು ಒಳಗೇನಿದೆ ಎಂದು ಕೇಳಿದರು. ಹೇಳಿದೆ. "ಒಂದರ ಮ್ಯಾಲ ಒಂದಿದ್ರ ಒಡೀತಾವವಾ, ಹಂಚಿಬಿಡು" ಎಂದವರೇ ಚೀಲ ಬಿಚ್ಚಿ, ಕುಳಿತವರ ತೊಡೆಗೆ ಒಂದೊಂದರಂತೆ ಆರೂ ತಾಟು ಇಟ್ಟರು. ಯಾರೂ ಬೇಡವೆನ್ನಲಿಲ್ಲ; ಕೂಸಿನ ಹಾಗೆ ಹಿಡಿದುಕೊಂಡರು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರು ಸಾಲಾಗಿ ತಾಟು ನೋಡಿ, ಊಟಕ್ಕೆ ಏನು ಮಾಡಿಸಿದ್ದೀರಿ ಎಂದು ಕೇಳಿದ. ರಾಣೆಬೆನ್ನೂರಿನಲ್ಲಿ ಆರಕ್ಕೆ ಆರೂ ಗೀರು ಬೀಳದೆ ನನ್ನ ಕೈಗೆ ಬಂದವು. ಪುಣ್ಯಾತ್ಮರು. ಒಂದಕ್ಕೆ ಮಾತ್ರ ಚುರುಮುರಿ ಅಂಟಿತ್ತು.

ಉಗುರಿನ ಚಟ

ನಮ್ಮೂರಲ್ಲಿ ನಾನು ಖಾಯಂ ಹೋಗುವ ಅಂಗಡಿಯ ಚಾಚಾ ನನಗೆ ಪಿಂಗಾಣಿ ಪರೀಕ್ಷೆ ಕಲಿಸಿದರು. ಉಗುರಿನಿಂದ ತಟ್ಟಬೇಕು. ಟಣ್ ಎಂದರೆ ಗಟ್ಟಿ, ಟಪ್ ಎಂದರೆ ಸೀಳಿದೆ. ಅಂದಿನಿಂದ ನನ್ನ ಕೈ ಸುಮ್ಮನಿರುವುದಿಲ್ಲ.

ಮೈದುನನಿಗೆ ಕನ್ಯಾ ನೋಡಲು ಹೋಗಿದ್ದೆವು. ಹುಡುಗಿ ನೀಲಿ ಕಪ್ಪಿನಲ್ಲಿ ಚಹಾ ತಂದಳು. ನಾನು ತಟ್ಟಿದೆ. ಟಪ್ ಎಂದಿತು. ನನ್ನ ಮುಖ ಸಪ್ಪಗಾಗಿರಬೇಕು. ಹುಡುಗಿಯ ತಾಯಿ ಗಾಬರಿಯಾದರು, ತಂದೆ ಏನಾದರೂ ಕೊರತೆಯಾಯಿತೇ ಎಂದು ಕೈಮುಗಿದರು. ನಾಚಿಕೆಯಿಂದ ನಿಜ ಹೇಳಿದೆ. ಹುಡುಗಿ ತಲೆ ತಗ್ಗಿಸಿಕೊಂಡೇ, "ತುಂಬಿದ ಕಪ್ಪು ಹಂಗ ಅಂತೈತ್ರಿ ಅಕ್ಕಾರ. ಕುಡದು ಬಡೀರಿ" ಎಂದಳು. ಕುಡಿದು ತಟ್ಟಿದೆ. ಟಣ್.

ಈಗ ಆಕೆ ನನ್ನ ನೆಗೆಣ್ಣಿ. ಬುದ್ಧಿ ಇರುವ ಸೊಸೆ ಒಬ್ಬಳಾದರೂ ಸಿಕ್ಕಳು ಎಂದು ಅತ್ತೆ ನನ್ನೆದುರಿಗೇ ದೇವರಿಗೆ ಕೈಮುಗಿಯುತ್ತಾರೆ.

ಕೆಂಪಿನಲ್ಲಿ ಕೆಂಪು

ಕಚೇರಿಯ ಸಾಹೇಬರು ಮನೆಗೆ ಊಟಕ್ಕೆ ಬಂದಿದ್ದರು. ಹೊಸ ಕೆಂಪು ಬಟ್ಟಲಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚಟ್ನಿ ಹಾಕಿಟ್ಟಿದ್ದೆ. ಬಣ್ಣಕ್ಕೆ ಬಣ್ಣ ಕೂಡಿ ಚಟ್ನಿ ಕಾಣಲೇ ಇಲ್ಲ. ಬರೀ ಬಟ್ಟಲೆಂದು ತಿಳಿದು ಸಾಹೇಬರು ಅದಕ್ಕೆ ಹಾಲು ಸುರಿದು, ಹೋಳಿಗೆ ಮುರಿದು ಹಾಕಿಕೊಂಡರು. ನಾನು ಒಳಗಿನಿಂದ ಬರುವುದರಲ್ಲಿ ಪೂರ್ತಿ ತಿಂದು, ಕಣ್ಣು ಒರೆಸಿಕೊಳ್ಳುತ್ತಿದ್ದರು. "ಹೋಳಿಗಿ ಭಾಳ ಛಲೋ ಆಗ್ಯಾವ್ರಿ" ಎಂದರು. "ಕಡ್ಲಿಬ್ಯಾಳಿನೂ ಬ್ಯಾಡಗಿದಽ ಏನ್ರಿ?"

ಗಿಳಿಹಸಿರು ಬಟ್ಟಲು

ಅತ್ತೆಗೆ ಸ್ಟೀಲಿನ ತಾಟೇ ಆಗಬೇಕು. ಪಿಂಗಾಣಿಯಲ್ಲಿ ಉಂಡರೆ ಉಂಡಂತೆ ಆಗುವುದಿಲ್ಲ ಎನ್ನುತ್ತಿದ್ದರು. ನನಗೋ ಎಲ್ಲಕ್ಕಿಂತ ಪ್ರೀತಿಯದು ಒಂದು ಗಿಳಿಹಸಿರು ಬಟ್ಟಲು. ಅದನ್ನು ಯಾರೂ ಮುಟ್ಟಬಾರದೆಂದು ಮನೆಗೆಲ್ಲ ತಾಕೀತು ಮಾಡಿದ್ದೆ. ಒಂದು ಮುಂಜಾನೆ ತೊಳೆಯುವಾಗ ನನ್ನ ಕೈಯಿಂದಲೇ ಅದು ನಲ್ಲಿಗೆ ಬಡಿದು ಸೀಳಿತು. ಹೇಳಲು ಮುಖವಿಲ್ಲ. ಸೀಳಿದ ಮಗ್ಗುಲನ್ನು ಗೋಡೆಗೆ ತಿರುಗಿಸಿಟ್ಟು ಕೆಲಸಕ್ಕೆ ಹೋದೆ.

ಸಂಜೆ ಬಸ್ಸಿಳಿದವಳೇ ಚಾಚಾನ ಅಂಗಡಿಗೆ ನಡೆದೆ. ಅಂಥದೇ ಇನ್ನೊಂದು ಬೇಕು, ಮನೆಯಲ್ಲಿ ಹೇಳಬೇಡಿ ಎಂದೆ. ಚಾಚಾ ನನ್ನನ್ನು ನೋಡಿಯೇ ನೋಡಿದರು.

"ಅಕ್ಕಾರ, ಇವತ್ತ ನಿಮ್ಮ ಮನಿಗೆ ಇದು ಮೂರನೇದ್ರಿ."

ಆಮೇಲೆ ಒಂದೊಂದಾಗಿ ಹೇಳಿದರು. ಮಧ್ಯಾಹ್ನ ಅತ್ತೆ ಆಟೋ ಮಾಡಿಕೊಂಡು ಬಂದಿದ್ದರಂತೆ. ನಾನು ಕೆಲಸಕ್ಕೆ ಹೋದ ಮೇಲೆ ದಿನಾ ಅದೇ ಬಟ್ಟಲಲ್ಲಿ ಮೊಸರನ್ನ ಉಣ್ಣುತ್ತಿದ್ದರಂತೆ. ಅಂದು ಅದು ಕೈಯಲ್ಲೇ ಎರಡು ಹೋಳಾಗಿತ್ತು. ಹೋಳುಗಳನ್ನು ಜೋಡಿಸಿ ಕಪಾಟಿನಲ್ಲಿಟ್ಟು ಅಂಗಡಿಗೆ ಬಂದಿದ್ದರು. ಅಷ್ಟರಲ್ಲಿ ಬೀಜದ ಅಂಗಡಿಯಿಂದ ಊಟಕ್ಕೆ ಬಂದ ನಮ್ಮ ಯಜಮಾನರು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಾರೆ, ಬಟ್ಟಲು ಕೆಳಗೆ ಬಿದ್ದು ಪುಡಿಯಾಗಿದೆ. ಅವರು ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಓಡಿ ಬಂದಿದ್ದರು. ಇಬ್ಬರೂ ನನಗೆ ಹೇಳಬಾರದೆಂದು ಚಾಚಾನಿಂದ ಮಾತು ತೆಗೆದುಕೊಂಡಿದ್ದರಂತೆ.

ಮನೆಗೆ ಬಂದರೆ ಕಪಾಟಿನಲ್ಲಿ ಎರಡು ಹಸಿರು ಬಟ್ಟಲು, ಎದುರಿಗೆ ತಾಯಿ ಮಗ. ನನ್ನ ಮನಸ್ಸು ನೋಯಬಾರದೆಂದು ಇಬ್ಬರೂ ಬಿಸಿಲಲ್ಲಿ ಓಡಾಡಿದ್ದು ನೆನೆದು ನನ್ನ ಕಣ್ಣು ತುಂಬಿತು. ಮೂರನೆಯದನ್ನು ಪಕ್ಕದಲ್ಲಿಟ್ಟು, ಮೊದಲು ಸೀಳಿದ್ದು ನಾನೇ ಎಂದು ಒಪ್ಪಿಕೊಂಡೆ.

ಅತ್ತೆಯ ಮುಖ ಅರಳಿತು. ಒಂದು ಹೊಸ ಬಟ್ಟಲು ಎತ್ತಿಕೊಂಡು, ನಮ್ಮೆದುರಿಗೇ ಮೊಸರನ್ನ ಕಲಸಿಕೊಂಡು ಕುಳಿತರು. ಎರಡು ತುತ್ತು ಉಂಡು, ಕಪಾಟಿನ ಮೇಲಿನ ಸಾಲಿನಲ್ಲಿದ್ದ ನನ್ನ ನೀಲಿ ಬಟ್ಟಲಿನ ಕಡೆ ನೋಡಿ ಹೇಳಿದರು:

"ಒಂದು ಒಡದ್ರ ಮೂರು ಬರ್ತಾವಂದ್ರ, ಆ ನೀಲಿದೂ ಇಳಸವಾ ಇತ್ತಾಗ."