ಮೇಜಿನ ಮೇಲೆ ಮಲಗಿದ ಜಿಲ್ಲೆ

ಇಡೀ ಜಿಲ್ಲೆ ಬಂದು ತನ್ನ ಕಟಿಂಗ್ ಮೇಜಿನ ಮೇಲೆ ಅಂಗಾತ ಮಲಗಿ ಹನ್ನೊಂದು ದಿನವಾಯಿತಲ್ಲ, ಇದನ್ನು ಎಬ್ಬಿಸಿ ಓಡಿಸುವವರು ಯಾರೂ ಇಲ್ಲವೇ ಎಂದು ಟೈಲರಕ್ಕನಿಗೆ ಬೆಳಗಾದರೆ ಮೈಯೆಲ್ಲ ಉರಿಯುತ್ತಿತ್ತು.

ಜಿಲ್ಲೆ ಎಂದರೆ ಜಿಲ್ಲೆಯ ನಕಾಶೆ. ಬಾಗಿಲಗಲದ ದಪ್ಪ ಕಾಗದ. ತಂದು ಹಾಸಿದವರು ಆಕೆಯ ಗಂಡ. ಕೆಲಸ ಜಿಲ್ಲಾ ಯೋಜನಾ ಕಚೇರಿಯಲ್ಲಿ, ಬೀದಿಯವರ ಬಾಯಲ್ಲಿ ಹೆಸರು 'ಪ್ಲಾನ್ ಸಾಹೇಬರು'. ಮುಂದಿನ ಐದು ವರ್ಷ ಒಬ್ಬರನ್ನೂ ಕೈಬಿಡದೆ ಇಡೀ ಜಿಲ್ಲೆಯ ಸಂಪಾದನೆ ಹೆಚ್ಚಿಸುವ 'ಸಮಗ್ರ ಸರ್ವಜನ ಸಮೃದ್ಧಿ ಯೋಜನೆ' ಎಂಬ ಘನಂದಾರಿ ಭಾರ ಅವರ ತಲೆಯ ಮೇಲಿತ್ತು. (ಸರ್ವಜನರಲ್ಲಿ ಹೆಂಡತಿ ಬರುತ್ತಾಳೋ ಇಲ್ಲವೋ ಎಂದು ಆಕೆ ಎರಡು ಸಲ ಕೇಳಿದ್ದಳು. ಎರಡು ಸಲವೂ ಅವರು ಕನ್ನಡಕ ಒರೆಸಿಕೊಂಡಿದ್ದರು.) ಆಫೀಸಿನ ಮೇಜು ಚಿಕ್ಕದಂತೆ, ಫ್ಯಾನಿನ ಗಾಳಿಗೆ ಕಾಗದ ಹಾರುತ್ತದಂತೆ. ಮನೆಯಲ್ಲಿ ಹೆಂಡತಿಯ ಮೇಜು ಬಿಟ್ಟಿ ಬಿದ್ದಿತ್ತಲ್ಲ!

ಒಂದು ಶಾಲೆಯ ತೊಂಬತ್ತು ಯೂನಿಫಾರಂ ಅಂಗಿಗಳನ್ನು ಆಕೆ ನೆಲದ ಮೇಲೆ ಮಂಡಿಯೂರಿ ಕತ್ತರಿಸಿದಳು. ಸೊಂಟ ಎರಡು ಹೋಳಾಯಿತು.

ಅದು ಮೇಲುಮೇಲಿನ ಸಿಟ್ಟು. ಒಳಗಿನ ಸಿಟ್ಟಿಗೆ ಆರು ವರ್ಷ ವಯಸ್ಸು. ಆ ಬೀದಿಯಲ್ಲಿ ಹೊಲಿಯುವ ಹೆಂಗಸರು ಹನ್ನೆರಡು ಜನ. ಒಬ್ಬಳು ಅಡುಗೆಮನೆಯಲ್ಲಿ ಹೊಲಿದರೆ ಇನ್ನೊಬ್ಬಳು ಮೆಟ್ಟಿಲ ಕೆಳಗೆ. ಎದುರುಮನೆಯ, ಅಂಗಿಗೆ ಗುಂಡಿ-ಕಾಜಾ ಹಾಕುವವಳಂತೂ ಬೆಳಕು ಹುಡುಕಿಕೊಂಡು ಬಚ್ಚಲ ಬಾಗಿಲಲ್ಲಿ ಕೂರುತ್ತಾಳೆ. ಬೀದಿಯ ಕೊನೆಯ ಖಾಲಿ ಸರ್ಕಾರಿ ಜಾಗದಲ್ಲಿ ಒಂದು ಶೆಡ್ಡು ಎದ್ದರೆ, ಕರೆಂಟು ಸರಿಯಾಗಿ ಬಂದರೆ, ಹನ್ನೆರಡೂ ಮಷಿನ್ ಒಟ್ಟಿಗೆ ಹಾಕಿಕೊಂಡು ದೊಡ್ಡ ಆರ್ಡರ್ ಹಿಡಿಯಬಹುದು. ಆಕೆ ಗಂಡನ ಹತ್ತಿರ ಬೇರೇನನ್ನೂ ಕೇಳಿರಲಿಲ್ಲ.

"ರೀ, ಮೀನಿನವರಿಗೆ ಐಸ್ ಫ್ಯಾಕ್ಟರಿ ಕೊಟ್ರಂತೆ, ಬುಟ್ಟಿ ಹೆಣೆಯೋರಿಗೆ ಮಳಿಗೆ ಕೊಟ್ರಂತೆ. ನಮ್ಮ ಬೀದಿಗೇನ್ರೀ?"

"ನೋಡೋಣ."

"ಆರು ವರ್ಷದಿಂದ ನೋಡ್ತಾನೇ ಇದ್ದೀರಲ್ಲ, ಕಣ್ಣು ನೋವು ಬರಲಿಲ್ವಾ?"

"ಯೋಜನೆ ಅಂದ್ರೆ ನೂರೆಂಟು ಇರುತ್ತೆ. ನಿನಗೆ ಅರ್ಥ ಆಗಲ್ಲ, ಸುಮ್ನಿರು."

ಈ ಮಾತನ್ನು ಅವರು ಆಡಬಾರದಿತ್ತು.

"ಅರ್ಥ ಆಗಲ್ವಾ? ನಾನು ಎರಡೂವರೆ ಮೀಟರ್ ಬಟ್ಟೇಲಿ ಅಪ್ಪನಿಗೆ ಅಂಗಿ ತೆಗೆದು, ಉಳಿದಿದ್ದರಲ್ಲಿ ಮಗುಗೊಂದು ಚಡ್ಡಿ ತೆಗೀತೀನಿ! ಒಂದು ಚೂರೂ ಬಿಸಾಡಲ್ಲ. ನಿಮ್ಮ ಕೈಗೆ ಇಡೀ ಜಿಲ್ಲೆ ಕೊಟ್ಟಿದ್ದಾರೆ, ಅದರಲ್ಲಿ ಒಂದು ಶೆಡ್ಡು ತೆಗೆಯೋ ಯೋಗ್ಯತೆ ಇಲ್ಲ!"

"ಸ್ವಲ್ಪ ಮೆಲ್ಲಗೆ ಕೂಗಮ್ಮ, ಜಿಲ್ಲೆ ಮಲಗಿದೆ," ಎಂದರು ಮಂಚದ ಮೇಲಿದ್ದ ಅತ್ತೆ. (ಅತ್ತೆ ಯಾರ ಕಡೆ ಎಂಬುದು ಇಪ್ಪತ್ತೆರಡು ವರ್ಷವಾದರೂ ಇತ್ಯರ್ಥವಾಗಿಲ್ಲ.)

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಸಭೆ. ನಕಾಶೆಯನ್ನು ಹಿರಿಯ ಅಧಿಕಾರಿಗಳಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಆಕೆ ಕಾಫಿ ಲೋಟ ಹಿಡಿದು ಬಂದಾಗ ಸಾಹೇಬರು ಕೆಂಪು ಪೆನ್ನಿನಲ್ಲಿ ಏನೋ ಬರೆಯುತ್ತಿದ್ದವರು, ಕಳ್ಳನ ಹಾಗೆ ಬೆಚ್ಚಿಬಿದ್ದು ನಕಾಶೆಯನ್ನು ಬೋರಲು ಹಾಕಿದರು.

"ಮುಟ್ಟಬೇಡ. ನೋಡಲೂಬೇಡ," ಎಂದು ಸ್ನಾನಕ್ಕೆ ಹೋದರು.

ನೋಡಲೂಬಾರದಂತೆ! ತನ್ನ ಮನೆ, ತನ್ನ ಮೇಜು, ಅದರ ಮೇಲೆ ಬೇರೆಯವರ ಐಸ್ ಫ್ಯಾಕ್ಟರಿ! ಹಲ್ಲು ಕಚ್ಚಿಕೊಂಡು ಆಕೆ ಅಂಗಿಗಳ ಕಡೆ ತಿರುಗಿದಳು. ಇನ್ನು ಜೇಬು ಕತ್ತರಿಸಬೇಕು, ನೋಡಿದರೆ ಜೇಬಿನ ಅಳತೆಯ ರಟ್ಟೇ ಇಲ್ಲ. ಪೆಟ್ಟಿಗೆಯಲ್ಲಿಲ್ಲ, ಮಷಿನ್ ಖಾನೆಯಲ್ಲಿಲ್ಲ, ಅತ್ತೆಯ ದಿಂಬಿನ ಕೆಳಗೂ ಇಲ್ಲ. ಹನ್ನೊಂದು ದಿನದ ಫೈಲುಗಳ ರಾಶಿ ಅದನ್ನು ನುಂಗಿ ನೀರು ಕುಡಿದಿತ್ತು. ನಾಳೆಯೇ ಅಂಗಿ ಕೊಡಬೇಕು.

ಕಣ್ಣೆದುರಿಗೆ ನಕಾಶೆಯ ಬೆನ್ನು ಬೆಳ್ಳಗೆ, ನೀಟಾಗಿ, ದಪ್ಪಗೆ ಬಿದ್ದಿತ್ತು. ಮೂಲೆಯಲ್ಲಿ ಏನಿರುತ್ತೆ, ಬರೀ ಅಂಚು! ಇದು ನನ್ನ ಮೇಜಿನ ಬಾಡಿಗೆ ಎಂದುಕೊಂಡು ಆಕೆ ಕತ್ತರಿ ಹಾಕಿಯೇಬಿಟ್ಟಳು. ಕರ್, ಕರ್, ಕರ್. ಒಂದು ಅಚ್ಚುಕಟ್ಟಾದ ಜೇಬು ಕೈಗೆ ಬಂತು. ಆರು ವರ್ಷದಲ್ಲಿ ಇಷ್ಟು ಸಮಾಧಾನ ಆಕೆಗೆ ಯಾವತ್ತೂ ಆಗಿರಲಿಲ್ಲ.

ಸಾಹೇಬರು ಒದ್ದೆ ತಲೆಯಲ್ಲೇ ಗಡಿಯಾರ ನೋಡಿ "ಅಯ್ಯಯ್ಯೋ" ಎಂದು ನಕಾಶೆಯನ್ನು ಇದ್ದ ಹಾಗೇ ಸುತ್ತಿಕೊಂಡು ಓಡಿದರು.

ಅವರು ವಾಪಸ್ ಬಂದದ್ದು ಮೂರು ಗಂಟೆಗೆ. ಅಷ್ಟರಲ್ಲಿ ನಲವತ್ತು ಜೇಬು ತಯಾರಾಗಿತ್ತು.

"ನನ್ನ ನಕಾಶೆ ಯಾರೇ ಕತ್ತರಿಸಿದ್ದು?"

ಅವರ ಗಂಟಲಲ್ಲಿ ಇಂಥ ದನಿಯಿದೆ ಎಂದು ಹೆತ್ತ ತಾಯಿಗೂ ಗೊತ್ತಿರಲಿಲ್ಲ. ಅತ್ತೆ ಎದ್ದು ಕೂತರು.

"ಒಬ್ಬರನ್ನೂ ಕೈಬಿಟ್ಟಿಲ್ಲ ಸಾರ್ ಅಂತ ಹೇಳ್ತಾ ಹೇಳ್ತಾ ಗೋಡೆಗೆ ಹಾಕಿದೆ. ಮೂಲೇಲಿ ಇಷ್ಟು ದೊಡ್ಡ ತೂತು! ದೊಡ್ಡ ಸಾಹೇಬ್ರು ಅದರೊಳಗೆ ಬೆರಳು ತೂರಿಸಿ, 'ಏನ್ರೀ, ಇಲ್ಲಿದ್ದ ಜನ ಎಲ್ಲ ಎಲ್ಲಿಗೆ ಹೋದ್ರು?' ಅಂದ್ರು. ಸಭೆಗೆ ಸಭೇನೇ ಬಿದ್ದು ಬಿದ್ದು ನಕ್ಕಿತು!"

"ಒಂದು ಜೇಬಿನಷ್ಟು ಕಾಗದಕ್ಕೆ ಇಷ್ಟು ರಂಪಾನಾ?" ಆಕೆಯೂ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಿಮ್ಮ ಫೈಲು ನನ್ನ ಅಳತೆ ರಟ್ಟು ನುಂಗಿತಲ್ಲ, ಅದನ್ನ ಯಾರು ಕೇಳ್ಬೇಕು? ತಗೊಳ್ಳಿ ನಿಮ್ಮ ಕಾಗದ, ಇಟ್ಕೊಂಡು ಪೂಜೆ ಮಾಡಿ!"

ಸಾಹೇಬರು ಅದನ್ನು ತೆಗೆದುಕೊಳ್ಳಲಿಲ್ಲ. "ತಿರುಗಿಸಿ ನೋಡು," ಎಂದರು ಮೆಲ್ಲಗೆ.

ಆಕೆ ತಿರುಗಿಸಿದಳು. ತಮ್ಮದೇ ಬಡಾವಣೆಯ ನಾಲ್ಕು ಬೀದಿಗಳು. ತಮ್ಮ ಬೀದಿಯ ಕೊನೆಯಲ್ಲಿ ಕೆಂಪು ಪೆನ್ನಿನ ಒಂದು ಪುಟ್ಟ ಚೌಕ. ಪಕ್ಕದಲ್ಲಿ ಗಂಡನ ಇರುವೆ ಅಕ್ಷರ: 'ಹೊಲಿಗೆ ಶೆಡ್ಡು. ಹನ್ನೆರಡು ಮಷಿನ್. ಕರೆಂಟು ಸಮೇತ.'

"ಸಹಿ ಆದ ಮೇಲೆ ಹೇಳೋಣ ಅಂತಿದ್ದೆ. ನಿನ್ನ ಮುಖ ಹೇಗಾಗುತ್ತೆ ನೋಡಬೇಕು ಅಂತ ಆಸೆ ಇತ್ತು."

"ಈಗ್ಲೇ ಹೋಗಿ ಸೇರಿಸ್ರೀ!"

"ನಕಾಶೇಲಿ ಇದ್ದಿದ್ದಕ್ಕೆಲ್ಲ ಅಲ್ಲೇ ಸಹಿ ಬಿತ್ತು. ಇಲ್ಲದ್ದಕ್ಕೆ ಇನ್ನು ಐದು ವರ್ಷ ಆದ ಮೇಲೆ."

"ಮುಖ ನೋಡ್ಬೇಕಿತ್ತಂತೆ, ಮುಖ! ಆರು ವರ್ಷ ಬೈಸ್ಕೊಂಡೋರು, ಕೊಡೋ ದಿನ ಬಾಯಿ ಮುಚ್ಕೊಂಡ್ರಾ? ಒಂದು ಮಾತು, ಒಂದೇ ಒಂದು ಮಾತು..." ಎಂದು ಆಕೆ ಜೋರಾಗಿಯೇ ಶುರುಮಾಡಿದವಳು, ನಡುವೆಯೇ ಮತ್ತೊಮ್ಮೆ ಆ ಕೆಂಪು ಚೌಕದ ಕಡೆ ನೋಡಿದಳು.

ಅದೇ ಹೊತ್ತಿಗೆ ಕಾಜಾ ಹಾಕುವವಳು ಅಂಗಿ ಒಯ್ಯಲು ಬಂದಳು.

"ಅಕ್ಕಾ, ಈ ಸಲಾನೂ ನಮ್ಮ ಬೀದಿ ಬಿಟ್ಬಿಟ್ರಂತಲ್ಲ! ಯಾರಕ್ಕಾ ಆ ಪುಣ್ಯಾತ್ಮ? ಕೈಗೆ ಸಿಗಲಿ, ಸಿಗಿದು ತೋರಣ ಕಟ್ತೀನಿ!"

ಟೈಲರಕ್ಕ ಕಾಗದವನ್ನು ಸೆರಗಿನೊಳಗೆ ತುರುಕಿಕೊಂಡಳು. ಸಾಹೇಬರು ಹೆಂಡತಿಯನ್ನೊಮ್ಮೆ ನೋಡಿದರು, ಕನ್ನಡಕ ತೆಗೆದು ಒರೆಸಿದರು.

"ನಾನೇ ಕಣಮ್ಮ," ಎಂದರು. "ಏನೋ ಎಡವಟ್ಟಾಯ್ತು."

ಕಾಜಾದವಳು ಸಾಹೇಬರಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದು, ಅಂಗಿಗಳನ್ನು ಬಗಲಲ್ಲಿ ಇರುಕಿಕೊಂಡು ಹೋದಳು. ಸಾಹೇಬರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಟೈಲರಕ್ಕ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಹೋಗಲಿ ಬಿಡಮ್ಮ," ಎಂದರು ಅತ್ತೆ, ಮತ್ತೆ ಮಲಗುತ್ತ. "ಅಂತೂ ನಿನ್ನ ಮೇಜು ನಿನಗೆ ಬಂತಲ್ಲ."

ಮೇಜು ಖಾಲಿಯಾಗಿತ್ತು. ಇನ್ನೂ ಐವತ್ತು ಜೇಬು ಬಾಕಿಯಿತ್ತು. ಟೈಲರಕ್ಕ ಬಟ್ಟೆ ಹಾಸಿ, ಕೆಂಪು ಗುರುತು ಕೆಳಗಾಗುವಂತೆ ಅಳತೆಯ ಕಾಗದವನ್ನಿಟ್ಟು, ಸೀಮೆಸುಣ್ಣ ಕೈಗೆತ್ತಿಕೊಂಡಳು.